ಆವಿಲಾದ ಸಂತ ತೆರೇಸಮ್ಮನವರ ದೀರ್ಘ ನಿರೀಕ್ಷೆ

ಅಕ್ಟೋಬರ್ ತಿಂಗಳ 15ರಂದು ಧರ್ಮಸಭೆಯು ಆವಿಲಾದ ಸಂತ ತೆರೇಸಮ್ಮನವರ ಹಬ್ಬವನ್ನು ಆಚರಿಸುತ್ತದೆ. ಕಾರ್ಮೆಲ್ ಸಭೆಯ ಸುಧಾರಕಿಯೆಂದೂ, ಪ್ರಾರ್ಥನೆಯ ಗುರುವೆಂದೂ, 1970ರಲ್ಲಿ ಜಗದ್ಗುರು ಆರನೆಯ ಪೌಲರು ಧರ್ಮಸಭೆಯ ಆಚಾರ್ಯರ ಪಂಕ್ತಿಗೆ ಸೇರಿಸಿದ ಪ್ರಥಮ ಮಹಿಳೆಯೆಂದೂ ನಾವು ಅವರನ್ನು ಬಲ್ಲೆವು. ಆದರೆ ಈ ಕೀರ್ತಿಗೆ ಕಾರಣವಾದ ಕಾರ್ಯಗಳೆಲ್ಲ ನಡೆದುದು ಅವರ ಅರವತ್ತೇಳು ವರ್ಷಗಳ ಬಾಳಿನ ಕೊನೆಯ ಎರಡು ದಶಕಗಳಲ್ಲಿ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳನ್ನು ಸಂತರ ಚರಿತ್ರೆ ಬರೆಯುವವರು ಅನೇಕ ವೇಳೆ ಒಂದೆರಡು ಪುಟಗಳಲ್ಲಿ ದಾಟಿಬಿಡುತ್ತಾರೆ. ನಾವು ಈ ವಾರ ಅಲ್ಲಿಯೇ ನಿಲ್ಲಬಯಸುತ್ತೇವೆ. ಕುಟುಂಬಗಳ ಭೇಟಿಗೆ ಹೋದಾಗ ನಮ್ಮ ಕಿವಿಗೆ ಬೀಳುವ ಒಂದು ಕೊರಗು ಇದಕ್ಕೆ ಕಾರಣ. ಎಷ್ಟು ವರ್ಷ ಬೇಡಿದರೂ ಮನಸ್ಸು ಬದಲಾಗಲಿಲ್ಲ, ಇನ್ನು ಬೇಡುವುದರಲ್ಲಿ ಅರ್ಥವಿಲ್ಲ ಎಂದು ಹೇಳಿ ದೇವಾಲಯದಿಂದ ಮೆಲ್ಲನೆ ದೂರ ಸರಿದವರನ್ನು ನಾವು ಬಲ್ಲೆವು. ಅವರು ಕೆಟ್ಟವರಲ್ಲ, ಕಾದು ಸೋತವರು.

ತೆರೇಸಮ್ಮನವರು ಹುಟ್ಟಿದ್ದು 1515ರ ಮಾರ್ಚ್ 28ರಂದು, ಸ್ಪೇನ್ ದೇಶದಲ್ಲಿ. ತಂದೆ ಅಲೊನ್ಸೊ, ತಾಯಿ ಬೆಯಾತ್ರಿಸ್. ಏಳರ ಬಾಲೆಯಾಗಿದ್ದಾಗ ಅಣ್ಣ ರೊದ್ರಿಗೊನೊಡನೆ ಮನೆಬಿಟ್ಟು ಹೊರಟ ಕಥೆಯನ್ನು ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳಿಗೆ ಹೇಳುವುದುಂಟು. ಮೂರರ ನಾಡಿಗೆ ಹೋಗಿ, ಕ್ರಿಸ್ತರ ಹೆಸರಿನಲ್ಲಿ ತಲೆ ಕೊಟ್ಟು, ಸ್ವರ್ಗವನ್ನು ಬೇಗನೆ ಸೇರಬೇಕೆಂಬುದು ಅವರ ಯೋಚನೆ. ಊರ ಹೊರಗೆ ಚಿಕ್ಕಪ್ಪನ ಕೈಗೆ ಸಿಕ್ಕಿಬಿದ್ದು ಇಬ್ಬರೂ ಮನೆಗೆ ಮರಳಿದರು. ಮಕ್ಕಳು ಈ ಕಥೆ ಕೇಳಿ ನಗುತ್ತಾರೆ. ಆ ಬಾಲೆ ಬಯಸಿದ್ದು ಹತ್ತಿರದ ದಾರಿಯನ್ನು ಎಂಬುದನ್ನು ದೊಡ್ಡವರಾದ ನಾವು ಗಮನಿಸಬೇಕು. ದೇವರು ಆಕೆಗೆ ಕೊಟ್ಟದ್ದು ಬಲು ದೂರದ ದಾರಿ.

1535ರಲ್ಲಿ, ತಂದೆಯ ಮನಸ್ಸಿಗೆ ವಿರೋಧವಾಗಿ, ಆವಿಲಾದ ಕಾರ್ಮೆಲ್ ಕನ್ಯಾಮಠವನ್ನು ಅವರು ಪ್ರವೇಶಿಸಿದರು. ವ್ರತಗಳನ್ನು ಸ್ವೀಕರಿಸಿದ ಮರುವರ್ಷವೇ ಆರೋಗ್ಯ ಕೆಟ್ಟಿತು. ವೈದ್ಯರ ಕೈಯಲ್ಲಿ ಆಗದೆಂದಾಗ ತಂದೆ ಅವರನ್ನು ಬೆಸೆದಾಸ್ ಎಂಬ ಹಳ್ಳಿಯ ನಾಟಿ ವೈದ್ಯೆಯ ಬಳಿಗೆ ಕರೆದೊಯ್ದರು. ದಾರಿಯಲ್ಲಿ ತಂದೆಯ ಸಹೋದರನ ಮನೆಯಲ್ಲಿ ತಂಗಿದಾಗ ಮೌನಪ್ರಾರ್ಥನೆಯನ್ನು ಕುರಿತು ಫ್ರಾನ್ಸಿಸ್ಕನ್ ಸಭೆಯ ಒಸುನಾ ಎಂಬವರು ಬರೆದ ಪುಸ್ತಕವೊಂದು ಕೈಸೇರಿತು. ಆ ಪ್ರಯಾಣದಿಂದ ಬಂದ ಲಾಭ ಅದೊಂದೇ. ವೈದ್ಯೆಯ ಭೇದಿಮದ್ದುಗಳು ಇದ್ದ ಶಕ್ತಿಯನ್ನೂ ಹೀರಿದವು. 1539ರ ಆಗಸ್ಟ್ ತಿಂಗಳಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು, ಅವರು ಪಾಪನಿವೇದನೆ ಮಾಡಬಯಸಿದರು. ಮಗಳು ಸಾವಿಗೆ ಹೆದರಿದ್ದಾಳೆಂದು ತಿಳಿದ ತಂದೆ ಅದಕ್ಕೆ ಒಪ್ಪಲಿಲ್ಲ. ಅದೇ ರಾತ್ರಿ ಪ್ರಜ್ಞೆ ತಪ್ಪಿತು. ಸುಮಾರು ನಾಲ್ಕು ದಿನ ಎಚ್ಚರವಿರಲಿಲ್ಲ. ಮಠದಲ್ಲಿ ಸಮಾಧಿ ತೋಡಿಸಿಟ್ಟಿದ್ದರು. ರೆಪ್ಪೆಗಳ ಮೇಲೆ ಮೇಣವೂ ಬಿದ್ದಿತ್ತು. ಎಚ್ಚರವಾದಾಗ ಬಲಗೈಯ ಒಂದು ಬೆರಳು ಮಾತ್ರ ಅಲುಗುತ್ತಿತ್ತು. ಮುಟ್ಟಿದರೆ ನೋವು ತಡೆಯಲಾಗದೆ, ಬಟ್ಟೆಯ ಎರಡು ತುದಿಗಳನ್ನು ಹಿಡಿದು ಅವರ ಮಗ್ಗುಲು ಬದಲಿಸಬೇಕಾಗುತ್ತಿತ್ತು.

ಸುಮಾರು ಮೂರು ವರ್ಷ ಅವರು ಪಾರ್ಶ್ವವಾಯು ಬಡಿದವರಂತೆ ಮಠದ ರೋಗಿಗಳ ಕೋಣೆಯಲ್ಲಿ ಮಲಗಿದ್ದರು. ಯೋಬನ ಗ್ರಂಥಕ್ಕೆ ಮಹಾ ಗ್ರೆಗೊರಿಯವರು ಬರೆದ ವ್ಯಾಖ್ಯಾನವನ್ನು ಮೊದಲೇ ಓದಿದ್ದುದು ಆಗ ಆಸರೆಯಾಯಿತು. ಕೈಕಾಲು ಊರಿ ತೆವಳಲು ಸಾಧ್ಯವಾದ ದಿನ ದೇವರನ್ನು ಕೊಂಡಾಡಿದರು. ಸಂತ ಜೋಸೆಫರ ಮೊರೆಹೊಕ್ಕು ಕೊನೆಗೆ ಎದ್ದು ನಡೆದರು. ತಮ್ಮ ಸ್ವಸ್ಥತೆಯನ್ನು ಅವರು ಕಡೆಯವರೆಗೂ ಆ ಸಂತರ ಉಪಕಾರವೆಂದೇ ನಂಬಿದ್ದರು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಅದ್ಭುತದ ಕಥೆಯಾಗುತ್ತಿತ್ತು. ಆದರೆ ಶರೀರ ಎದ್ದು ನಿಂತ ಮೇಲೆ ಆತ್ಮ ಮಲಗಿತು. ಆ ಮಠದಲ್ಲಿ ಕಟ್ಟುನಿಟ್ಟಾದ ಏಕಾಂತವಾಸದ ನಿಯಮವಿರಲಿಲ್ಲ. ಭೇಟಿಯ ಕೋಣೆಗೆ ಊರಿನ ಗಣ್ಯರು ಬರುತ್ತಿದ್ದರು. ತೆರೇಸಮ್ಮನವರದು ಎಲ್ಲರನ್ನೂ ಸೆಳೆಯುವ ಮಾತುಗಾರಿಕೆ. ತಮ್ಮನ್ನು ಮೆಚ್ಚಿದವರನ್ನು ತಾವೂ ಮೆಚ್ಚುವ ಸ್ವಭಾವ. ದೊಡ್ಡ ಪಾಪವೇನೂ ನಡೆಯಲಿಲ್ಲ. ಗಂಟೆಗಟ್ಟಲೆ ಹರಟೆ, ಸ್ನೇಹದ ಆಸೆ, ಗೌರವದ ಆಸೆ, ಅಷ್ಟೆ. ಅರ್ಧ ಕಲಿತ ಕೆಲವು ಗುರುಗಳು ಅದರಲ್ಲಿ ತಪ್ಪೇನೂ ಇಲ್ಲವೆಂದು ಸಮಾಧಾನ ಹೇಳಿದರು. ಆ ಸಮಾಧಾನ ತಮಗೆ ಎಷ್ಟು ಹಾನಿ ಮಾಡಿತೆಂಬುದನ್ನು ಅವರು ಮರೆಯಲಿಲ್ಲ. ಪಾಪನಿವೇದನೆ ಕೇಳುವವರು ವಿದ್ಯಾವಂತರಾಗಿರಬೇಕೆಂದು ಮುಂದೆ ಜೀವನವಿಡೀ ಒತ್ತಿಹೇಳಿದರು. ಗುರುಮಠಗಳಲ್ಲಿ ಪಾಠ ಹೇಳುವವರು ಈ ಮಾತನ್ನು ಗೋಡೆಯ ಮೇಲೆ ಬರೆಸಿದರೂ ತಪ್ಪಿಲ್ಲ.

ಆಗ ಅವರು ಮಾಡಿದ ಒಂದು ಕೆಲಸವನ್ನು ನಾವು ವಿಶೇಷವಾಗಿ ಗಮನಿಸಬೇಕು. ಅವರು ಮೌನಪ್ರಾರ್ಥನೆಯನ್ನು ಬಿಟ್ಟುಬಿಟ್ಟರು. ಸೋಮಾರಿತನದಿಂದಲ್ಲ, ನಾಚಿಕೆಯಿಂದ. ಇಷ್ಟು ಚಂಚಲವಾದ ಮನಸ್ಸನ್ನು ಇಟ್ಟುಕೊಂಡು ದೇವರ ಸನ್ನಿಧಿಯಲ್ಲಿ ಆಪ್ತಳಂತೆ ಕೂರುವುದು ಕಪಟವೆಂದೂ, ಎಲ್ಲರಂತೆ ಬಾಯಿಪ್ರಾರ್ಥನೆ ಹೇಳಿಕೊಂಡಿರುವುದೇ ವಿನಯವೆಂದೂ ಅವರು ಭಾವಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕಳೆಯಿತು. ವಿಚಿತ್ರವೆಂದರೆ ಅವರಿಂದಲೇ ಪ್ರಾರ್ಥನೆಯ ಕ್ರಮವನ್ನು ಕಲಿತಿದ್ದ ತಂದೆ ಆ ಹೊತ್ತಿಗೆ ಅದರಲ್ಲಿ ಬಹಳ ಮುಂದುವರಿದಿದ್ದರು. ಮಗಳು ತಾನು ಪ್ರಾರ್ಥಿಸುತ್ತಿಲ್ಲವೆಂದು ಒಪ್ಪಿಕೊಂಡರೂ ಕಾರಣವಾಗಿ ಅನಾರೋಗ್ಯವನ್ನು ಮುಂದೆ ಮಾಡಿದಳು. ತಂದೆ ನಂಬಿದರು, ಕನಿಕರಪಟ್ಟರು. ಕ್ರಮೇಣ ಅವರು ಭೇಟಿಗೆ ಬಂದರೂ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಮಾತಿನಲ್ಲಿ ಕಾಲ ಕಳೆಯುವುದು ಅವರಿಗೆ ವ್ಯರ್ಥವೆನಿಸತೊಡಗಿತ್ತು. ಗುರುವಾಗಿದ್ದವಳು ಭೇಟಿಯ ಕೋಣೆಯಲ್ಲಿಯೇ ಉಳಿದಳು.

1543ರ ಡಿಸೆಂಬರ್ ತಿಂಗಳಲ್ಲಿ ತಂದೆ ತೀರಿಕೊಂಡರು. ಅವರ ಪಾಪನಿವೇದನೆಯ ಗುರುಗಳಾಗಿದ್ದ ಡೊಮಿನಿಕನ್ ಸಭೆಯ ವಿಸೆಂತೆ ಬಾರೊನ್ ಅವರ ಬಳಿ ತೆರೇಸಮ್ಮನವರು ಎಲ್ಲವನ್ನೂ ಹೇಳಿಕೊಂಡರು. ಮೊದಲು ಮನಸ್ಸನ್ನು ಸರಿಪಡಿಸಿಕೊ, ಆಮೇಲೆ ಪ್ರಾರ್ಥನೆಗೆ ಬಾ ಎಂದು ಆ ಗುರುಗಳು ಹೇಳಲಿಲ್ಲ. ಹದಿನೈದು ದಿನಗಳಿಗೊಮ್ಮೆ ಪರಮಪ್ರಸಾದ ಸ್ವೀಕರಿಸಬೇಕೆಂದೂ, ಇದ್ದ ಸ್ಥಿತಿಯಲ್ಲಿಯೇ ಪ್ರಾರ್ಥನೆಯನ್ನು ಪುನಃ ಆರಂಭಿಸಬೇಕೆಂದೂ ವಿಧಿಸಿದರು. ಅಂದು ಹಿಡಿದ ಪ್ರಾರ್ಥನೆಯನ್ನು ಅವರು ಮತ್ತೆಂದೂ ಬಿಡಲಿಲ್ಲ.

ಹಾಗೆಂದು ರೋಗ ವಾಸಿಯಾಯಿತೆ? ಇಲ್ಲ. ಇನ್ನೂ ಹತ್ತು ವರ್ಷಕ್ಕೂ ಮಿಕ್ಕಿ ಅದೇ ಹೋರಾಟ ನಡೆಯಿತು. ಲೋಕದ ಸುಖದಲ್ಲಿದ್ದಾಗ ದೇವರ ನೆನಪು ಚುಚ್ಚುತ್ತಿತ್ತು. ದೇವರ ಮುಂದೆ ಕುಳಿತಾಗ ಲೋಕದ ನಂಟು ಎಳೆಯುತ್ತಿತ್ತು. ಪ್ರಾರ್ಥನಾಲಯದೊಳಗೆ ಕಾಲಿಡುವಾಗಲೇ ಮನಸ್ಸಿಗೆ ಮಂಕು ಕವಿಯುತ್ತಿತ್ತು. ಕುಳಿತ ಮೇಲೆ ಗಡಿಯಾರ ಯಾವಾಗ ಬಾರಿಸುವುದೋ, ಗೊತ್ತುಮಾಡಿಕೊಂಡ ಆ ಒಂದು ಗಂಟೆ ಯಾವಾಗ ಮುಗಿಯುವುದೋ ಎಂದು ಕಿವಿಗೊಟ್ಟಿರುತ್ತಿದ್ದರು. ಪುಸ್ತಕವೊಂದು ಕೈಯಲ್ಲಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯ ಅವರಿಗೆ ವರ್ಷಗಟ್ಟಲೆ ಇರಲಿಲ್ಲ. ಹೊಲ, ನೀರು, ಹೂವುಗಳನ್ನು ನೋಡುತ್ತ ಅಲೆಯುವ ಮನಸ್ಸನ್ನು ಕಟ್ಟಿಹಾಕುತ್ತಿದ್ದರು. ಆದರೂ ಬಲವಂತದಿಂದ ಕುಳಿತ ದಿನಗಳಲ್ಲಿಯೇ ತಾವಾಗಿ ಬಯಸಿ ಕುಳಿತ ದಿನಗಳಿಗಿಂತ ಹೆಚ್ಚಿನ ಶಾಂತಿ ದೊರೆತದ್ದೂ ಉಂಟೆಂದು ತಮ್ಮ ಜೀವನಚರಿತ್ರೆಯಲ್ಲಿ ಅವರು ನೆನೆದಿದ್ದಾರೆ.

ತಾಳ್ಮೆಯು ಸ್ಥೈರ್ಯವೆಂಬ ಮೂಲಸದ್ಗುಣದ ಅಂಗವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸುತ್ತಾರೆ. ಗುರುಮಠದಲ್ಲಿ ಇದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಸ್ಥೈರ್ಯ ಯುದ್ಧಭೂಮಿಯ ಗುಣವಲ್ಲವೆ, ಕಾದು ಕೂರುವವರಿಗೆ ಅದೇಕೆ ಎಂಬ ಸಂದೇಹ ಆಗ ಇದ್ದಿತು. ಗಡಿಯಾರದ ಸದ್ದಿಗೆ ಕಿವಿಗೊಟ್ಟೂ ಎದ್ದುಹೋಗದೆ ಕುಳಿತ ಈ ಕನ್ಯಾಸ್ತ್ರೀಯನ್ನು ಓದಿದ ಮೇಲೆ ಆ ಸಂದೇಹ ಉಳಿಯಲಿಲ್ಲ.

1554ರಲ್ಲಿ, ಅವರಿಗೆ ಮೂವತ್ತೊಂಬತ್ತು ವರ್ಷವಾಗಿದ್ದಾಗ, ಮಠದ ಯಾವುದೋ ಹಬ್ಬಕ್ಕೆಂದು ತಂದ ಕ್ರಿಸ್ತರ ಪ್ರತಿಮೆಯೊಂದನ್ನು ಪ್ರಾರ್ಥನಾಲಯದಲ್ಲಿ ಇರಿಸಿದ್ದರು. ಮೈತುಂಬ ಗಾಯಗಳಿದ್ದ ಪ್ರತಿಮೆ. ಒಳಬಂದ ತೆರೇಸಮ್ಮನವರ ಕಣ್ಣು ಅದರ ಮೇಲೆ ಬಿದ್ದಿತು. ಹೃದಯ ಒಡೆದಂತಾಗಿ, ಕಣ್ಣೀರು ಸುರಿಸುತ್ತ ಅದರ ಪಾದಕ್ಕೆ ಬಿದ್ದು, ಬೇಡಿದ್ದನ್ನು ಕೊಡುವವರೆಗೂ ಏಳುವುದಿಲ್ಲವೆಂದು ಪ್ರಭುವಿಗೆ ಹೇಳಿದರು. ಇಂಥ ಬೇಡಿಕೆ ಅವರಿಗೆ ಹೊಸದಲ್ಲ. ಆದರೆ ಈ ಸಲ ತಮ್ಮ ಶಕ್ತಿಯ ಮೇಲಿನ ಭರವಸೆ ಪೂರ್ತಿ ಬತ್ತಿಹೋಗಿತ್ತು. ಇದ್ದ ಭರವಸೆಯೆಲ್ಲ ದೇವರ ಮೇಲೆಯೇ. ಅದೇ ದಿನಗಳಲ್ಲಿ ಸಂತ ಅಗಸ್ಟೀನರ ಆತ್ಮನಿವೇದನೆಯ ಗ್ರಂಥವೂ ಅವರ ಕೈಗೆ ಬಂದು, ತೋಟದಲ್ಲಿ ಅಗಸ್ಟೀನರಿಗೆ ಕೇಳಿದ ಧ್ವನಿ ತಮಗೇ ಕೇಳಿದಂತಾಯಿತು.

ಇದನ್ನು ಅವರ ಮನಃಪರಿವರ್ತನೆಯೆಂದು ಕರೆಯುವುದು ವಾಡಿಕೆ. ಆದರೆ ಇನ್ನೂ ಎರಡು ವರ್ಷಗಳ ಕಥೆ ಉಳಿದಿದೆ. ಗುರುಗಳಾದ ನಮಗೆ ತಾಗುವ ಭಾಗ ಅದೇ. ಪ್ರಾರ್ಥನೆಯಲ್ಲಿ ಅಸಾಮಾನ್ಯ ಅನುಭವಗಳಾಗತೊಡಗಿ ಭಯವಾದಾಗ ಅವರು ಆವಿಲಾದ ಇಬ್ಬರ ಸಲಹೆ ಕೇಳಿದರು. ಒಬ್ಬರು ವಿದ್ವಾಂಸರೂ ಭಕ್ತರೂ ಆದ ಗುರು ಗಾಸ್ಪರ್ ದಾಸಾ. ಇನ್ನೊಬ್ಬರು ಫ್ರಾನ್ಸಿಸ್ಕೊ ದೆ ಸಾಲ್ಸೆದೊ ಎಂಬ ಸಂಸಾರಸ್ಥರು. ಗುರುಗಳು ತೆರೇಸಮ್ಮನವರನ್ನು ಆಗಲೇ ಪರಿಪೂರ್ಣತೆ ಪಡೆದವರೆಂದು ಭಾವಿಸಿ, ಸಣ್ಣಪುಟ್ಟ ಕೊರತೆಗಳನ್ನೆಲ್ಲ ಒಮ್ಮೆಗೇ ಕಿತ್ತೊಗೆಯಲು ಹೇಳಿದರು. ಅವರಿಂದ ಅದಾಗಲಿಲ್ಲ; ಎದೆಗುಂದಿದರು. ಸಾಲ್ಸೆದೊ ಅವರಾದರೋ ಪದೇ ಪದೇ ಬಂದು, ಎಲ್ಲವೂ ಒಂದೇ ದಿನದಲ್ಲಿ ಆಗಬೇಕಿಲ್ಲವೆಂದು ಸಾಂತ್ವನ ಹೇಳಿ, ಸ್ವಲ್ಪ ಸ್ವಲ್ಪವಾಗಿ ದೇವರೇ ನಡೆಸುವರೆಂದು ಧೈರ್ಯ ತುಂಬಿದರು. ತಾವೂ ಕೆಲವು ಅಲ್ಪ ಸಂಗತಿಗಳಿಂದ ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವೆಂದು ತಿಳಿಸಿದರು. ಆ ಗುರುವೊಬ್ಬರನ್ನೇ ನಂಬಿಕೊಂಡಿದ್ದರೆ ತಮ್ಮ ಆತ್ಮ ಮೇಲೇಳುತ್ತಿರಲಿಲ್ಲವೆಂದು ತೆರೇಸಮ್ಮನವರು ಸಂಕೋಚವಿಲ್ಲದೆ ದಾಖಲಿಸಿದ್ದಾರೆ. ದಾಸಾ ಅವರ ಉದ್ದೇಶ ಪವಿತ್ರವಾಗಿತ್ತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಗುರುಗಳ ಅವಸರ ಮಾಡುವ ಗಾಯವನ್ನು ಒಬ್ಬ ಗೃಹಸ್ಥನ ತಾಳ್ಮೆ ಮಾಯಿಸಿದ್ದು ಅದೊಂದೇ ಸಲವೆಂದು ನಾವು ಭಾವಿಸುವುದಿಲ್ಲ. ಮದ್ಯಕ್ಕೆ ಬಿದ್ದ ಗಂಡನನ್ನೋ, ದೇವಾಲಯದ ಮೆಟ್ಟಿಲು ಹತ್ತದ ಮಗನನ್ನೋ ಗದರಿಸದೆ, ಕೈಬಿಡದೆ ಕಾಯುತ್ತಿರುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ.

ಸ್ನೇಹಗಳ ನಂಟೊಂದು ಇನ್ನೂ ಬಿಟ್ಟಿರಲಿಲ್ಲ. ಅದನ್ನು ಕಡಿದುಹಾಕುವುದು ಕೃತಘ್ನತೆಯಲ್ಲವೆ ಎಂದು ಅವರೇ ವಾದಿಸುತ್ತಿದ್ದರು. ಯೇಸುಸಭೆಯ ಗುರು ಪ್ರಾದನೊಸ್ ಅವರು ಆಜ್ಞೆ ಮಾಡಲಿಲ್ಲ. ಕೆಲವು ದಿನ ಅದನ್ನು ದೇವರಿಗೆ ಒಪ್ಪಿಸಿ, ಪವಿತ್ರಾತ್ಮರನ್ನು ಆಹ್ವಾನಿಸುವ ಪುರಾತನ ಗೀತೆಯನ್ನು ಹೇಳುತ್ತ ಬೆಳಕಿಗಾಗಿ ಬೇಡಲು ತಿಳಿಸಿದರು. 1556ರ ಒಂದು ದಿನ ದೀರ್ಘಕಾಲ ಪ್ರಾರ್ಥಿಸಿ ಆ ಗೀತೆಯನ್ನು ಆರಂಭಿಸಿದಾಗ ಅವರು ಮೈಮರೆತರು. ವರ್ಷಗಟ್ಟಲೆ ಹೆಣಗಿ, ಆರೋಗ್ಯ ಕೆಡುವಷ್ಟು ಬಲವಂತ ಮಾಡಿಕೊಂಡರೂ ದಕ್ಕದ ಬಿಡುಗಡೆ ಒಂದು ಕ್ಷಣದಲ್ಲಿ ದೊರೆಯಿತು. ಆ ನಂಟು ಅವರನ್ನು ಮತ್ತೆಂದೂ ಕಟ್ಟಲಿಲ್ಲ. ಸ್ನೇಹಿತರು ಮಾತ್ರ ಕಡಿಮೆಯಾಗಲಿಲ್ಲ. ಮುಂದಿನ ಅವರ ಪತ್ರಗಳನ್ನು ಓದಿದವರಿಗೆ ಇದು ಗೊತ್ತು.

1562ರ ಆಗಸ್ಟ್ 24ರಂದು ಆವಿಲಾದಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಅವರ ಮೊದಲ ಪುಟ್ಟ ಮಠ ಆರಂಭವಾಯಿತು. ಅನಂತರದ ಸಾಹಸಗಳೆಲ್ಲ ವಾಚಕರಿಗೆ ಪರಿಚಿತ: ಎತ್ತು, ಹೇಸರಗತ್ತೆಗಳ ಬಂಡಿಗಳಲ್ಲಿ ಪ್ರಯಾಣ, ವ್ಯಾಜ್ಯಗಳು, ಶಿಲುಬೆಯ ಸಂತ ಯೊವಾನ್ನರ ಒಡನಾಟ. 1582ರ ಅಕ್ಟೋಬರ್ 4ರ ರಾತ್ರಿ ಅಲ್ಬಾ ದೆ ತೋರ್ಮೆಸ್ ಪಟ್ಟಣದಲ್ಲಿ ಅವರು ಪ್ರಾಣಬಿಟ್ಟರು. ಪಂಚಾಂಗದ ತಿದ್ದುಪಡಿಯಿಂದ ಅದರ ಮರುದಿನವೇ 15ನೆಯ ತಾರೀಖಾಯಿತು.

ತಮ್ಮ ಹೊಸ ಮಠಗಳಿಗೆ ಅವರು ರಚಿಸಿದ ನಿಯಮಾವಳಿಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನಪ್ರಾರ್ಥನೆ ಗೊತ್ತುಪಡಿಸಲಾಗಿದೆ. ಒಂದು ಗಂಟೆ ಮುಗಿಯುವುದನ್ನೇ ಕಾಯುತ್ತಿದ್ದವರು ಬರೆದ ನಿಯಮವಿದು. 1870ರಲ್ಲಿ ಹಡಗೇರಿ ಮಂಗಳೂರಿಗೆ ಬಂದ ಕಾರ್ಮೆಲ್ ಏಕಾಂತವಾಸಿ ಕನ್ಯಾಸ್ತ್ರೀಯರು ತಮ್ಮೊಡನೆ ತಂದದ್ದು ಇದನ್ನೇ. 2015ರಲ್ಲಿ ಸಂತ ಪದವಿಗೇರಿದ ಪ್ಯಾಲೆಸ್ತೀನಿನ ಮರಿಯಂ ಆಗ ಅವರಲ್ಲೊಬ್ಬರಾಗಿದ್ದರು. ಮರುವರ್ಷ ಮಂಗಳೂರಿನಲ್ಲಿಯೇ ವ್ರತಗಳನ್ನು ಸ್ವೀಕರಿಸಿ, ದಿನದ ಆ ಎರಡು ಗಂಟೆಗಳನ್ನು ಅವರೂ ನಮ್ಮ ನೆಲದಲ್ಲಿ ಮೌನವಾಗಿ ಕಳೆದರು.