ತಾರೆಗಳ ಗತಿಯನ್ನರಿತ ಚಂದ್ರಶೇಖರ್

ಚಿಕ್ಕಮಗಳೂರು ಜಿಲ್ಲೆಯ ಅತ್ತಿಗುಂಡಿ ಬೆಟ್ಟಗಳ ನಡುವಣ ಊರು. ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಮಂಜಿಲ್ಲದ ಅಮಾವಾಸ್ಯೆಯ ಇರುಳು ಅಲ್ಲಿ ನಿಂತು ಬಡಗಣ ಬಾನಿನತ್ತ ತಲೆಯೆತ್ತಿದರೆ ಮಸುಕಾದ ಬೆಳಕಿನ ಕಲೆಯೊಂದು ಕಾಣುತ್ತದೆ. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಗಿರುವ ಆಂಡ್ರೊಮೀಡ ಗೆಲಾಕ್ಸಿ. ಕೋಟ್ಯನುಕೋಟಿ ನಕ್ಷತ್ರಗಳ ಸಮೂಹ. ನಮ್ಮ ಆಕಾಶಗಂಗೆಯೂ ಇಂಥದೇ. ಅಚಲವೆಂದು ತೋರುವ ಈ ಗೆಲಾಕ್ಸಿಗಳು ನೆರೆಯವುಗಳ ಸೆಳೆತಕ್ಕೆ ಸಿಕ್ಕಿ ಬಾಗುತ್ತವೆ, ನೀಳವಾಗುತ್ತವೆ, ಕೆಲವೊಮ್ಮೆ ಒಂದರಲ್ಲೊಂದು ಬೆರೆತುಹೋಗುತ್ತವೆ. ಈ ಬೆರಕೆಯ ಹಿಂದಿರುವ ನಿಯಮವೊಂದನ್ನು ಗಣಿತದಿಂದ ತೋರಿಸಿಕೊಟ್ಟವರು ಸುಬ್ರಹ್ಮಣ್ಯನ್ ಚಂದ್ರಶೇಖರ್.

ಅವರು 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಜನಿಸಿದರು. ಬೆಂಗಳೂರಿನಲ್ಲಿ ಸಂಶೋಧನ ಸಂಸ್ಥೆಯನ್ನು ಕಟ್ಟಿದ ಸರ್ ಸಿ. ವಿ. ರಾಮನ್ ಅವರ ಚಿಕ್ಕಪ್ಪ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿದಾಗ ಕೇಂಬ್ರಿಜ್‌ಗೆ ಹೋಗುವ ಅವಕಾಶ ಒದಗಿತು. ತಾಯಿ ಸೀತಾಲಕ್ಷ್ಮಿಯವರು ಆಗ ರೋಗಪೀಡಿತರು. ಆದರೂ ಮಗನ ಪ್ರಯಾಣ ನಿಲ್ಲಬಾರದೆಂದು ಅವರೇ ಹಟ ಹಿಡಿದರು. 1930ರಲ್ಲಿ ಹಡಗನ್ನೇರಿದ ಮಗನನ್ನು ಆ ತಾಯಿ ಮತ್ತೆ ಕಾಣಲಿಲ್ಲ, ಮರುವರ್ಷವೇ ತೀರಿಕೊಂಡರು.

ಆ ಹಡಗಿನಲ್ಲಿಯೇ ಹತ್ತೊಂಬತ್ತರ ತರುಣ ಚಂದ್ರಶೇಖರರು ನಕ್ಷತ್ರಗಳ ಅಂತ್ಯವನ್ನು ಕುರಿತು ಲೆಕ್ಕ ಹಾಕಿದರು. ಶ್ವೇತಕುಬ್ಜ ತಾರೆಯ ದ್ರವ್ಯರಾಶಿಗೆ ಒಂದು ಮಿತಿಯುಂಟು, ಅದು ಸೂರ್ಯನ ಸುಮಾರು 1.4 ಪಟ್ಟು ಎಂಬುದು ಅವರ ನಿರ್ಣಯ. 1935ರ ಜನವರಿಯಲ್ಲಿ ಲಂಡನ್ನಿನ ವಿದ್ವತ್ಸಭೆಯಲ್ಲಿ ಅದನ್ನು ಮಂಡಿಸಿದಾಗ ಮಹಾವಿಜ್ಞಾನಿ ಎಡಿಂಗ್ಟನ್ನರು ಎಲ್ಲರೆದುರು ಅಪಹಾಸ್ಯ ಮಾಡಿದರು. ಒಳಗೊಳಗೆ ಒಪ್ಪಿದ ಹಿರಿಯರೂ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಚಂದ್ರಶೇಖರರು ಜಗಳಕ್ಕೆ ನಿಲ್ಲಲಿಲ್ಲ, ಎಡಿಂಗ್ಟನ್ನರ ಸ್ನೇಹವನ್ನು ತೊರೆಯಲೂ ಇಲ್ಲ. 1937ರಲ್ಲಿ ಅಮೆರಿಕೆಯ ಯರ್ಕಿಸ್ ವೀಕ್ಷಣಾಲಯವನ್ನು ಸೇರಿ, 1939ರಲ್ಲಿ ತಮ್ಮ ವಿಚಾರಗಳನ್ನೆಲ್ಲ ಗ್ರಂಥರೂಪದಲ್ಲಿಟ್ಟು, ನಕ್ಷತ್ರಗಳ ಚಲನೆಯೆಂಬ ಹೊಸ ವಿಷಯಕ್ಕೆ ತಿರುಗಿದರು.

ಅದರ ಫಲವೇ 1943ರಲ್ಲಿ ಪ್ರಕಟವಾದ ಗತಿಘರ್ಷಣೆಯ ಸಿದ್ಧಾಂತ. ಜಾತ್ರೆಯ ಸಂದಣಿಯಲ್ಲಿ ಊರಿನ ಗಣ್ಯರೊಬ್ಬರು ನಡೆದುಹೋಗುತ್ತಿದ್ದಾರೆನ್ನಿ. ಕಂಡವರೆಲ್ಲ ಅವರತ್ತ ಧಾವಿಸುತ್ತಾರೆ. ಅಷ್ಟರಲ್ಲಿ ಅವರು ಎರಡು ಹೆಜ್ಜೆ ಮುಂದೆ ಸಾಗಿರುತ್ತಾರೆ. ಹೀಗೆ ಜನ ಬೆನ್ನ ಹಿಂದೆ ಗುಂಪುಗೂಡಿ ಅವರ ನಡಿಗೆಯನ್ನು ತಡೆಯುತ್ತಾರೆ. ಅಂತೆಯೇ ಭಾರಿ ಕಾಯವೊಂದು ತಾರೆಗಳ ನಡುವೆ ಚಲಿಸುವಾಗ, ಅದರ ಗುರುತ್ವಕ್ಕೆ ಸೆಳೆಯಲ್ಪಟ್ಟ ತಾರೆಗಳು ಹಿಂದೆ ಗುಂಪುಗೂಡಿ ಅದನ್ನು ಹಿಂದಕ್ಕೆಳೆಯುತ್ತವೆ, ವೇಗ ಕುಂದುತ್ತದೆ.

ಮುಂದಿನ ತಲೆಮಾರು ಈ ನಿಯಮವನ್ನು ಗೆಲಾಕ್ಸಿಗಳಿಗೆ ಅನ್ವಯಿಸಿತು. ಎರಡು ಗೆಲಾಕ್ಸಿಗಳು ಹತ್ತಿರ ಹಾಯ್ದಾಗ ಪರಸ್ಪರ ಸೆಳೆತದಿಂದ ನೀಳವಾದ ಬಾಲಗಳು ಹೊರಚಾಚುತ್ತವೆ. 1972ರಲ್ಲಿ ಟೂಮ್ರೆ ಸಹೋದರರು ಇದನ್ನು ಕಂಪ್ಯೂಟರಿನ ನೆರವಿನಿಂದ ತೋರಿಸಿದರು. ಗತಿಘರ್ಷಣೆಯಿಂದ ವೇಗ ಕಳೆದುಕೊಂಡ ಜೋಡಿ ಕೊನೆಗೆ ಒಂದಾಗುತ್ತದೆ. ಸುರುಳಿಯಾಕಾರ ಅಳಿದು ಅನೇಕ ವೇಳೆ ದುಂಡಾದ ರೂಪ ತಳೆಯುತ್ತದೆ. ತಾರೆಗಳ ನಡುವಣ ಅಂತರ ಅಪಾರವಾದುದರಿಂದ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ತೀರ ವಿರಳ.

ಒಮ್ಮೆ ನಗೆಗೀಡಾದ ಮಿತಿಯೂ ಕಾಲಕ್ರಮದಲ್ಲಿ ಸರ್ವಮಾನ್ಯವಾಗಿ ಚಂದ್ರಶೇಖರರ ಹೆಸರನ್ನೇ ಪಡೆಯಿತು. 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 1995ರ ಆಗಸ್ಟ್ 21ರಂದು ಷಿಕಾಗೋದಲ್ಲಿ ಅವರು ನಿಧನರಾದರು. ಒಂದು ಬಾಗಿಲು ಮುಚ್ಚಿದಾಗ ಕಹಿಯನ್ನು ಬೆಳೆಸಿಕೊಳ್ಳದೆ ದುಡಿಮೆಯನ್ನು ಮುಂದುವರಿಸಿದ ಆ ಬಾಳು, ವಿದ್ಯಾರ್ಥಿಗಳಿಗೆ ಅವರ ಸಿದ್ಧಾಂತಗಳಷ್ಟೇ ಅಮೂಲ್ಯವಾದುದು.