ಎಲೆನ್ ಚರ್ಚ್: ವಿಮಾನವೇರಿದ ದಾದಿ

ಜಗಳೂರಿನಲ್ಲಾಗಲಿ ನ್ಯಾಮತಿಯಲ್ಲಾಗಲಿ ಒಬ್ಬರಿಗೆ ಇದ್ದಕ್ಕಿದ್ದಂತೆ ಎದೆನೋವು ಬಂದರೆ ಮನೆಯವರು ಮೊದಲು ವಾಹನಕ್ಕಾಗಿ ಓಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ದಾವಣಗೆರೆ, ಇಲ್ಲವೇ ಶಿವಮೊಗ್ಗ. ಚನ್ನಗಿರಿ, ಹೊನ್ನಾಳಿಯವರಿಗೂ ಇದೇ ದಾರಿ. ದಾರಿ ಎಷ್ಟೇ ದೂರವಾದರೂ ಅದರ ಕೊನೆಯಲ್ಲಿ ಒಂದು ಆಸ್ಪತ್ರೆ ಇದೆಯೆಂಬ ಧೈರ್ಯವಿರುತ್ತದೆ. ಆದರೆ ಕೆಳಗೆ ಕಡಲು, ಮೇಲೆ ಬಾನು, ನಡುವೆ ಹಾರುತ್ತಿರುವ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಕುಸಿದುಬಿದ್ದರೆ ಅವನನ್ನು ಎಲ್ಲಿಗೆ ಒಯ್ಯಬೇಕು? ಯಾರನ್ನು ಕರೆಯಬೇಕು? ವಿಮಾನಯಾನವು ಇನ್ನೂ ಎಳವೆಯಲ್ಲಿದ್ದ ೧೯೩೦ರಲ್ಲಿಯೇ ಈ ಪ್ರಶ್ನೆಗೆ ತನ್ನದೊಂದು ಉತ್ತರವನ್ನು ಹಿಡಿದು ಕಂಪನಿಯ ಬಾಗಿಲು ತಟ್ಟಿದವಳು ಇಪ್ಪತ್ತೈದು ವರ್ಷದ ಒಬ್ಬ ದಾದಿ. ಆಕೆಯೇ ಎಲೆನ್ ಚರ್ಚ್.

ಅಮೆರಿಕಾದ ಅಯೋವಾ ಪ್ರಾಂತ್ಯದ ಕ್ರೆಸ್ಕೋ ಎಂಬ ಸಣ್ಣ ಊರಿನ ಬಳಿ, ಒಕ್ಕಲುತನದ ಮನೆಯೊಂದರಲ್ಲಿ, ೧೯೦೪ರ ಸೆಪ್ಟೆಂಬರ್ ೨೨ರಂದು ಎಲೆನ್ ಜನಿಸಿದಳು. ರೈಟ್ ಸಹೋದರರು ಮೊದಲ ಬಾರಿಗೆ ವಿಮಾನವನ್ನು ಹಾರಿಸಿ ಆಗಿನ್ನೂ ಒಂಬತ್ತು ತಿಂಗಳು ಕಳೆದಿದ್ದವು. ಹೀಗೆ ಆಕೆಯೂ ವಿಮಾನವೂ ಒಂದೇ ಕಾಲದ ಕೂಸುಗಳು. ಹೊಲದ ಅಂಚಿನಲ್ಲಿ ಬೆಳೆದ ಆ ಹುಡುಗಿಗೆ ಆಕಾಶದ ಹುಚ್ಚು ಹತ್ತಿತು. ಆದರೂ ಜೀವನಕ್ಕೆ ಒಂದು ವೃತ್ತಿ ಬೇಕಷ್ಟೆ. ಮಿನ್ನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಶುಶ್ರೂಷಾ ವಿದ್ಯೆಯನ್ನು ಕಲಿತು ೧೯೨೬ರಲ್ಲಿ ತೇರ್ಗಡೆಯಾದಳು; ಮುಂದೆ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಫ್ರೆಂಚ್ ಆಸ್ಪತ್ರೆಯಲ್ಲಿ ದಾದಿಯಾದಳು. ಅದರ ಜೊತೆಗೆ ವಿಮಾನ ನಡೆಸುವುದನ್ನೂ ಕಲಿತಳು.

ಆ ನಗರದಲ್ಲಿ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಎಂಬ ಕಂಪನಿಯ ಕಚೇರಿಯಿತ್ತು. ೧೯೩೦ರ ಆರಂಭದಲ್ಲಿ ಎಲೆನ್ ಅಲ್ಲಿಯ ವ್ಯವಸ್ಥಾಪಕ ಸ್ಟೀವ್ ಸ್ಟಿಂಪ್‌ಸನ್ನನನ್ನು ಕಂಡಳು. ಆಕೆಯ ಮನಸ್ಸಿನಲ್ಲಿದ್ದುದು ಪೈಲಟ್ ಆಗುವ ಆಸೆ. ಹೆಣ್ಣಿಗೆ ಆ ಪೀಠವನ್ನು ಕೊಡುವ ಕಾಲ ಅದಾಗಿರಲಿಲ್ಲ. ಬೇರೊಬ್ಬರಾಗಿದ್ದರೆ ನಿಟ್ಟುಸಿರಿಟ್ಟು ಮನೆಗೆ ಮರಳುತ್ತಿದ್ದರೋ ಏನೋ. ಎಲೆನ್ ಹಾಗೆ ಮಾಡಲಿಲ್ಲ. ವಿಮಾನದಲ್ಲಿ ತರಬೇತಿ ಪಡೆದ ದಾದಿಯರನ್ನು ಏಕೆ ನೇಮಿಸಬಾರದೆಂದು ಕೇಳಿದಳು.

ಈ ಮಾತಿನ ಬೆಲೆ ತಿಳಿಯಬೇಕಾದರೆ ಅಂದಿನ ವಿಮಾನಗಳು ಹೇಗಿದ್ದವೆಂಬುದನ್ನು ಅರಿಯಬೇಕು. ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡು ಆಗ ಇರಲಿಲ್ಲ. ಆದ್ದರಿಂದ ವಿಮಾನಗಳು ಬಹಳ ಎತ್ತರಕ್ಕೆ ಏರದೆ, ಮೋಡ ಗಾಳಿಗಳ ನಡುವೆಯೇ ತೂರಾಡುತ್ತ ಸಾಗುತ್ತಿದ್ದವು. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದು. ವಾಂತಿ, ತಲೆಸುತ್ತು ಮಾಮೂಲು. ಸಹಾಯಕ ಪೈಲಟ್ಟೇ ಎದ್ದುಬಂದು ಊಟದ ಪೊಟ್ಟಣವನ್ನು ಹಂಚುತ್ತಿದ್ದನು. ಜನರಿಗೆ ವಿಮಾನವೆಂದರೆ ಭಯ. ಒಬ್ಬ ದಾದಿ ನಗುಮುಖದಿಂದ ಅಲ್ಲಿ ಓಡಾಡುತ್ತಿದ್ದರೆ ಅಸ್ವಸ್ಥರಿಗೆ ಉಪಚಾರವಾಗುವುದು, ಉಳಿದವರಿಗೆ ಧೈರ್ಯ ಬರುವುದು. ಇದು ಎಲೆನ್ನಳ ವಾದ. ಸ್ಟಿಂಪ್‌ಸನ್ನನಿಗೆ ಅದು ಹಿಡಿಸಿತು. ಆತನು ಮೇಲಿನವರನ್ನು ಒಪ್ಪಿಸಿದನು. ಮೂರು ತಿಂಗಳ ಪ್ರಯೋಗಕ್ಕೆಂದು ಎಂಟು ಮಂದಿ ದಾದಿಯರ ನೇಮಕವಾಯಿತು. ಅವರಿಗೆ ವಿಧಿಸಿದ ಷರತ್ತುಗಳು ಬಿಗಿಯಾಗಿದ್ದವು: ಅವಿವಾಹಿತೆಯಾಗಿರಬೇಕು, ವಯಸ್ಸು ೨೫ನ್ನು ಮೀರಬಾರದು, ತೂಕ ೧೧೫ ಪೌಂಡುಗಳೊಳಗಿರಬೇಕು, ಎತ್ತರ ೫ ಅಡಿ ೪ ಅಂಗುಲವನ್ನು ದಾಟಬಾರದು.

೧೯೩೦ರ ಮೇ ೧೫ರಂದು ಎಲೆನ್ ಓಕ್ಲೆಂಡಿನಲ್ಲಿ ಷಿಕಾಗೋ ಮಾರ್ಗದ ವಿಮಾನವನ್ನೇರಿದಳು. ವಿಮಾನದಲ್ಲಿ ಪರಿಚಾರಿಕೆಯಾಗಿ ದುಡಿದ ಪ್ರಥಮ ಮಹಿಳೆಯೆಂಬ ಕೀರ್ತಿ ಅಂದು ಆಕೆಗೆ ಸಂದಿತು. ಪ್ರಯಾಣಿಕರು ಹದಿನಾಲ್ಕು ಮಂದಿ. ಪಯಣ ಸುಮಾರು ೨೦ ಗಂಟೆ. ನಡುವೆ ೧೩ ತಂಗುದಾಣಗಳು. ದಾದಿಯೆಂದ ಮಾತ್ರಕ್ಕೆ ಕೆಲಸ ಹಗುರವೆಂದು ತಿಳಿಯಬಾರದು. ಸಾಮಾನು ಹೊರುವುದು, ಸಡಿಲವಾದ ಆಸನಗಳನ್ನು ಬಿಗಿ ಮಾಡುವುದು, ನೊಣ ಹೊಡೆಯುವುದು, ಇಂಧನ ತುಂಬುವಾಗ ಕೈಜೋಡಿಸುವುದು, ಕೊನೆಗೆ ವಿಮಾನವನ್ನು ಕೊಟ್ಟಿಗೆಗೆ ತಳ್ಳುವುದೂ ಅವರ ಪಾಲಿನದೇ. ತಿಂಗಳಿಗೆ ನೂರು ಗಂಟೆ ಹಾರಾಟ. ಸಂಬಳ ೧೨೫ ಡಾಲರು. ಮೊದಮೊದಲು ಪೈಲಟ್‌ಗಳಲ್ಲಿ ಕೆಲವರು ಮುಖ ಗಂಟಿಕ್ಕಿದರು. ಆದರೆ ಪ್ರಯಾಣಿಕರು ಮೆಚ್ಚಿದರು, ಪ್ರಯೋಗ ಗೆದ್ದಿತು, ಇತರ ಕಂಪನಿಗಳೂ ಅದೇ ದಾರಿ ಹಿಡಿದವು.

ಈ ಗೆಲುವಿಗೆ ಇನ್ನೊಂದು ಮುಖವೂ ಇದೆ. ಮದುವೆಯಾದೊಡನೆ ಪರಿಚಾರಿಕೆ ಕೆಲಸ ಬಿಡಬೇಕೆಂಬ ನಿಯಮವು ಅನೇಕ ಕಂಪನಿಗಳಲ್ಲಿ ೧೯೬೦ರ ದಶಕದವರೆಗೂ ಉಳಿಯಿತು. ಆಕೆಯ ವಿದ್ಯೆಗಿಂತ ಆಕೆಯ ರೂಪಕ್ಕೆ ಹೆಚ್ಚು ಬೆಲೆ ಕಟ್ಟುವ ದಿನಗಳೂ ಬಂದವು. ಮಹಾಯುದ್ಧದ ವರುಷಗಳಲ್ಲಿ ದಾದಿಯರೆಲ್ಲ ಸೇನೆಗೆ ಬೇಕಾದಾಗ, ಪರಿಚಾರಿಕೆಯು ದಾದಿಯೇ ಆಗಿರಬೇಕೆಂಬ ಕಟ್ಟಳೆಯೂ ಕಳಚಿತು. ಎಲೆನ್ ತೆರೆದದ್ದು ಅರ್ಧ ಬಾಗಿಲನ್ನು ಮಾತ್ರವೆಂದರೆ ತಪ್ಪಾಗಲಾರದು.

ಆಕೆಯ ಪರಿಚಾರಿಕೆ ವೃತ್ತಿ ನಡೆದದ್ದು ಹದಿನೆಂಟು ತಿಂಗಳು ಅಷ್ಟೆ. ಮೋಟಾರು ಅಪಘಾತದಲ್ಲಿ ಪೆಟ್ಟಾಗಿ ನೆಲಕ್ಕಿಳಿದಳು. ಎದೆಗುಂದದೆ ಮತ್ತೆ ವಿಶ್ವವಿದ್ಯಾನಿಲಯ ಸೇರಿ ಪದವಿ ಪಡೆದಳು. ಮಿಲ್ವಾಕಿಯ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವನ್ನು ನೋಡಿಕೊಂಡಳು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ೧೯೪೨ರಲ್ಲಿ ಎಲೆನ್ ಸೇನೆಯ ದಾದಿಯರ ದಳವನ್ನು ಸೇರಿ ಮತ್ತೊಮ್ಮೆ ವಿಮಾನವೇರಿದಳು. ಈಗ ಎದುರಿಗಿದ್ದವರು ಹೆದರಿದ ಪ್ರಯಾಣಿಕರಲ್ಲ, ಕೈಕಾಲು ಕಳೆದುಕೊಂಡ ಯೋಧರು. ರಣರಂಗಕ್ಕೆ ಸಾಮಗ್ರಿ ಹೊತ್ತು ಹೋದ ವಿಮಾನಗಳೇ ಮರಳುವಾಗ ಗಾಯಾಳುಗಳನ್ನು ತರುತ್ತಿದ್ದವು. ಆದಕಾರಣ ಅವುಗಳ ಮೇಲೆ ರೆಡ್‌ಕ್ರಾಸ್ ಗುರುತು ಹಾಕುವಂತಿರಲಿಲ್ಲ. ಇಂಥ ವಿಮಾನಗಳಲ್ಲಿ ಸಾಮಾನ್ಯವಾಗಿ ವೈದ್ಯರಿರುತ್ತಿರಲಿಲ್ಲ. ಒಬ್ಬ ದಾದಿ, ಒಬ್ಬ ಸಹಾಯಕ, ಸ್ಟ್ರೆಚರುಗಳ ಮೇಲೆ ಇಪ್ಪತ್ತರಷ್ಟು ರೋಗಿಗಳು. ರಕ್ತ ಹರಿದರೆ, ಉಸಿರು ಸಿಕ್ಕಿಕೊಂಡರೆ ನಿರ್ಧಾರ ಆ ದಾದಿಯದೇ. ಉತ್ತರ ಆಫ್ರಿಕಾ, ಸಿಸಿಲಿ, ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ದುಡಿದ ಎಲೆನ್ ಕ್ಯಾಪ್ಟನ್ ಪದವಿಗೇರಿ ಏರ್ ಮೆಡಲ್ ಎಂಬ ಸೇನಾ ಪದಕವನ್ನು ಪಡೆದಳು.

ಯುದ್ಧಾನಂತರ ಇಂಡಿಯಾನಾ ಪ್ರಾಂತ್ಯದ ಟೆರೆ ಹಾಟ್ ನಗರದ ಯೂನಿಯನ್ ಆಸ್ಪತ್ರೆಯಲ್ಲಿ ದಾದಿಯರ ಮುಖ್ಯಸ್ಥೆಯಾಗಿ, ಬಳಿಕ ಆಡಳಿತಾಧಿಕಾರಿಯಾಗಿ ಸೇವೆ ಸಲ್ಲಿಸಿದಳು. ವಿವಾಹವಾದುದು ೧೯೬೪ರಲ್ಲಿ, ಅರವತ್ತರ ಸಮೀಪದಲ್ಲಿ. ಮರುವರ್ಷವೇ, ೧೯೬೫ರ ಆಗಸ್ಟಿನಲ್ಲಿ, ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡಳು. ಆಕಾಶದಲ್ಲಿ ಅಪಾಯಗಳ ನಡುವೆ ಸುರಕ್ಷಿತಳಾಗಿದ್ದವಳಿಗೆ ನೆಲದ ಮೇಲೆ ಮೃತ್ಯು ಕಾದಿತ್ತು. ಕ್ರೆಸ್ಕೋದ ವಿಮಾನ ನಿಲ್ದಾಣಕ್ಕೆ ಆಕೆಯ ಹೆಸರನ್ನಿಟ್ಟಿದ್ದಾರೆ.

ಇಂದಿನ ವಿಮಾನ ಅಂದಿನದಲ್ಲ. ಆದರೂ ದೇಹದ ಮೇಲಿನ ಭಾರ ಪೂರ್ತಿ ಇಳಿದಿಲ್ಲ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಸುಮಾರು ೬,೩೦೦ ಅಡಿ. ಅಂದರೆ ಹೃದಯ, ಶ್ವಾಸಕೋಶಗಳ ರೋಗಿಯು ಅಂಥ ಗಿರಿಯ ತುದಿಯಲ್ಲಿ ಹತ್ತು ಹದಿನೈದು ಗಂಟೆ ಕುಳಿತಂತೆ. ಇಂಥ ಸಂಗತಿಗಳನ್ನು ಅಭ್ಯಸಿಸಿ ವೈದ್ಯರನ್ನು ತಯಾರು ಮಾಡಲು ವಾಯುಸೇನೆಯ ಸಂಸ್ಥೆಯೊಂದು ೧೯೫೭ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. ೨೦೦೮ರಿಂದ ೨೦೧೦ರವರೆಗಿನ ಹಾರಾಟಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟವಾದ ಅಮೆರಿಕಾದ ಅಧ್ಯಯನವೊಂದರಂತೆ, ೬೦೪ ಹಾರಾಟಗಳಿಗೆ ಒಮ್ಮೆ ಇಂಥ ತುರ್ತು ಒದಗುತ್ತದೆ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಕಾರಣ ತಲೆಸುತ್ತಿ ಬೀಳುವುದು. ಹೆಚ್ಚುಕಡಿಮೆ ಅರ್ಧದಷ್ಟು ಸಂದರ್ಭಗಳಲ್ಲಿ ಸಹಪ್ರಯಾಣಿಕ ವೈದ್ಯರು ನೆರವಾಗಿದ್ದಾರೆ. ವಿಮಾನವನ್ನು ಬೇರೆಡೆ ಇಳಿಸಬೇಕಾದದ್ದು ನೂರರಲ್ಲಿ ಏಳಕ್ಕೆ ಮಾತ್ರ. ವೈದ್ಯರಿಲ್ಲದಾಗ ಕೈನೀಡುವವರು ಯಾರು? ಪ್ರಥಮ ಚಿಕಿತ್ಸೆ ಕಲಿತ ಪರಿಚಾರಕರೇ. ರೋಗಿಯನ್ನು ಮಲಗಿಸಿ ಕಾಲನ್ನು ಎತ್ತಿಡುವುದು, ಆಮ್ಲಜನಕ ಕೊಡುವುದು, ನಿಂತ ಎದೆಯನ್ನು ಒತ್ತುವುದು, ನೆಲದ ಮೇಲಿನ ವೈದ್ಯರ ಸಲಹೆಯಂತೆ ನಡೆಯುವುದು ಅವರ ಕೆಲಸ. ಎಲೆನ್ ಬಿತ್ತಿದ ಬೀಜದ ಫಲವಿದು.

ಇನ್ನರ್ಧ ಬಾಗಿಲೂ ತೆರೆಯಿತು. ಆಕೆಗೆ ಪೈಲಟ್ ಪೀಠವನ್ನು ನಿರಾಕರಿಸಿದ ಅದೇ ಸ್ಯಾನ್‌ಫ್ರಾನ್ಸಿಸ್ಕೋದಿಂದ ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಉತ್ತರ ಧ್ರುವದ ಮೇಲಿಂದ, ಎಲ್ಲಿಯೂ ಇಳಿಯದೆ, ಸುಮಾರು ೧೭ ಗಂಟೆಗಳಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಅದನ್ನು ನಡೆಸಿದ ನಾಲ್ವರು ಪೈಲಟ್‌ಗಳೂ ಮಹಿಳೆಯರು.

ಸಹಪಾಠಿಗಳೇ, ನಮ್ಮಲ್ಲಿ ವಿಮಾನವೇರುವವರು ಎಷ್ಟು ಮಂದಿಯೋ ತಿಳಿಯದು. ಆದರೆ ಹೊನ್ನಾಳಿಯ ಬಸ್ಸಿನಲ್ಲಿ, ಚನ್ನಗಿರಿಯ ಅಡಿಕೆ ತೋಟದಲ್ಲಿ, ಸಂತೆಯ ನೂಕುನುಗ್ಗಲಿನಲ್ಲಿ ಯಾರಾದರೂ ಕುಸಿದಾಗ ಸುತ್ತ ನಿಂತವರಲ್ಲಿ ನಾವಿರುವುದಂತೂ ಖಂಡಿತ. ವೈದ್ಯರು ಬರುವ ತನಕದ ಆ ಕೆಲವು ನಿಮಿಷಗಳೇ ಒಂದು ಜೀವದ ಅಳಿವು ಉಳಿವನ್ನು ನಿರ್ಧರಿಸಬಹುದು. ಕೇಳಿದ ಪೀಠ ಸಿಗದಿದ್ದಾಗ ತನಗೆ ತಿಳಿದ ವಿದ್ಯೆಯನ್ನೇ ಹಿಡಿದು ಇತರರ ಕಷ್ಟಕ್ಕೆ ಎದ್ದು ನಿಂತವಳು ಎಲೆನ್. ಪ್ರಥಮ ಚಿಕಿತ್ಸೆಯ ನಾಲ್ಕು ಪಾಠಗಳನ್ನು ಕಲಿತಿಟ್ಟುಕೊಳ್ಳುವುದೇ ನಾವು ಆ ಮಹಿಳೆಗೆ ಸಲ್ಲಿಸಬಹುದಾದ ನಿಜವಾದ ಗೌರವ.