ವಿಲಿಯಂ ಫೆಲ್ಪ್ಸ್ ಈನೊ

ವಿಲಿಯಂ ಫೆಲ್ಪ್ಸ್ ಈನೊ (ಜೂನ್ 3, 1858 – ಡಿಸೆಂಬರ್ 3, 1945) ಅಮೆರಿಕ ಸಂಯುಕ್ತ ಸಂಸ್ಥಾನದ ಉದ್ಯಮಿ ಹಾಗೂ ರಸ್ತೆ ಸಂಚಾರ ಸುಧಾರಕರು. ನ್ಯೂಯಾರ್ಕ್ ನಗರಕ್ಕೆ ಮೊದಲ ಸಮಗ್ರ ಸಂಚಾರ ನಿಯಮಾವಳಿಯನ್ನು ರಚಿಸಿದ ಇವರನ್ನು ಸಂಚಾರ ಸುರಕ್ಷತೆಯ ಪಿತಾಮಹ ಎಂದು ಗುರುತಿಸಲಾಗುತ್ತದೆ. ಕುದುರೆಗಾಡಿ, ಕುದುರೆ ಸವಾರ, ಬೈಸಿಕಲ್, ಮೋಟಾರು ಮತ್ತು ಪಾದಚಾರಿ ಇವೆಲ್ಲವೂ ಒಂದೇ ಬೀದಿಯಲ್ಲಿ ಸುರಕ್ಷಿತವಾಗಿ ಸಾಗಬೇಕಾದರೆ ಎಲ್ಲರಿಗೂ ತಿಳಿದಿರುವ ಸರಳ ನಿಯಮಗಳಿರಬೇಕು ಎಂಬುದು ಇವರ ಪ್ರತಿಪಾದನೆಯಾಗಿತ್ತು. ರಸ್ತೆಯ ನಿಯಮಗಳಿಗಾಗಿ ಜೀವಮಾನವಿಡೀ ದುಡಿದ ಈನೊ ಅವರು ಸ್ವತಃ ಮೋಟಾರು ವಾಹನ ಚಲಾಯಿಸುವುದನ್ನು ಕಲಿಯಲೇ ಇಲ್ಲ.

ಬಾಲ್ಯ ಮತ್ತು ಶಿಕ್ಷಣ

ಈನೊ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಏಮಸ್ ಈನೊ ಜಮೀನು ಮತ್ತು ಕಟ್ಟಡಗಳ ವ್ಯವಹಾರದಲ್ಲಿ ಅಪಾರ ಸಂಪತ್ತು ಗಳಿಸಿದವರು. ನಗರದ ಪ್ರಸಿದ್ಧ ಫಿಫ್ತ್ ಅವೆನ್ಯೂ ಹೋಟೆಲನ್ನು ಕಟ್ಟಿಸಿದವರು. ಅಮೆರಿಕದ ಅರಣ್ಯ ಸಂರಕ್ಷಣೆಯ ಮುಂದಾಳು ಗಿಫರ್ಡ್ ಪಿಂಚೊ ಅವರು ವಿಲಿಯಂ ಅವರ ಸೋದರಳಿಯ.

1867ರಲ್ಲಿ, ಒಂಬತ್ತು ವರ್ಷದ ಬಾಲಕನಾಗಿದ್ದಾಗ, ಈನೊ ತಾಯಿಯೊಡನೆ ಬೀದಿಯಲ್ಲಿ ಸಂಚಾರದ ಗೋಜಲಿಗೆ ಸಿಲುಕಿದರು. ಅಲ್ಲಿ ಸೇರಿದ್ದುದು ಸುಮಾರು ಒಂದು ಡಜನ್ ಕುದುರೆಗಾಡಿಗಳು ಮಾತ್ರ. ಆದರೂ ಯಾರು ಮೊದಲು ಸರಿಯಬೇಕೆಂಬುದು ಸಾರಥಿಗಳಿಗಾಗಲಿ ಪೊಲೀಸರಿಗಾಗಲಿ ತಿಳಿಯಲಿಲ್ಲ. ತೊಡಕಿಗೆ ಕಾರಣ ಗಾಡಿಗಳ ಸಂಖ್ಯೆಯಲ್ಲ, ವ್ಯವಸ್ಥೆಯ ಅಭಾವ ಎಂಬ ಅರಿವು ಮುಂದೆ ಅವರ ಬದುಕಿನ ದಾರಿಯನ್ನೇ ನಿರ್ಧರಿಸಿತು. ಯೇಲ್ ವಿಶ್ವವಿದ್ಯಾಲಯದಲ್ಲಿ 1882ರಲ್ಲಿ ಪದವಿ ಪಡೆದ ಅವರು ತಂದೆಯ ವ್ಯವಹಾರದಲ್ಲಿ ತೊಡಗಿಕೊಂಡರು. 1898ರಲ್ಲಿ ತಂದೆ ತೀರಿಕೊಂಡ ಬಳಿಕ ತಮ್ಮ ಸಮಯವನ್ನೂ ಹಣವನ್ನೂ ಸಂಚಾರ ಸುಧಾರಣೆಗೆ ಮೀಸಲಿಟ್ಟರು.

ಅಂದಿನ ಬೀದಿಗಳ ಸ್ಥಿತಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಸರಕಿನ ಬಂಡಿ, ಸಾರೋಟು, ಟ್ರಾಮು, ಬೈಸಿಕಲ್ಲುಗಳು ಒಟ್ಟಿಗೆ ನುಗ್ಗುತ್ತಿದ್ದವು. ಬೆದರಿದ ಕುದುರೆಗಳು ಜನರ ಮೇಲೆ ಹಾಯ್ದು ಪ್ರಾಣಹಾನಿಯಾಗುತ್ತಿತ್ತು. ಬೈಸಿಕಲ್ ಸವಾರರ ಅತಿವೇಗವೂ ಪಾದಚಾರಿಗಳಿಗೆ ಅಪಾಯ ತಂದೊಡ್ಡಿತ್ತು. ಇದರ ನಿಯಂತ್ರಣಕ್ಕಾಗಿ 1895ರಲ್ಲಿ, ಥಿಯೋಡೋರ್ ರೂಸ್‌ವೆಲ್ಟ್ ಅವರು ಪೊಲೀಸ್ ಆಡಳಿತದಲ್ಲಿದ್ದಾಗ, ಸೈಕಲ್ ಏರಿದ ಪೊಲೀಸರ ದಳವೊಂದನ್ನು ರಚಿಸಲಾಯಿತು. ಆದರೆ ಎಲ್ಲ ಸಂಚಾರಿಗಳಿಗೂ ಅನ್ವಯಿಸುವಂತೆ ಒಂದೆಡೆ ಕ್ರೋಡೀಕರಿಸಿದ ನಿಯಮಾವಳಿ ಇರಲಿಲ್ಲ.

1903ರ ನಿಯಮಾವಳಿ

1900ರಲ್ಲಿ ಈನೊ ಅವರು ಕುದುರೆ ಸವಾರರು ಮತ್ತು ಸಾರಥಿಗಳಿಗೆಂದೇ ಪ್ರಕಟವಾಗುತ್ತಿದ್ದ ಪತ್ರಿಕೆಯೊಂದರಲ್ಲಿ, ಬೀದಿ ಸಂಚಾರದ ಸುಧಾರಣೆ ತುರ್ತಾಗಿ ಆಗಬೇಕೆಂದು ವಾದಿಸುವ ಲೇಖನ ಬರೆದರು. ಬಳಿಕ ಅವರು ಸಿದ್ಧಪಡಿಸಿದ ನಿಯಮಗಳನ್ನು ನ್ಯೂಯಾರ್ಕ್ ಪೊಲೀಸ್ ಇಲಾಖೆ 1903ರಲ್ಲಿ ಅಂಗೀಕರಿಸಿತು. ನಿಯಮಗಳ ಪ್ರತಿಗಳನ್ನು ಈನೊ ತಮ್ಮ ಸ್ವಂತ ಖರ್ಚಿನಲ್ಲಿ ಮುದ್ರಿಸಿ ಹಂಚಿಸಿದರು. ನಿಯಮ ತಿಳಿಯದವನಿಂದ ಅದರ ಪಾಲನೆಯನ್ನು ನಿರೀಕ್ಷಿಸಲಾಗದು ಎಂಬುದು ಅವರ ನಿಲುವಾಗಿತ್ತು.

ವಾಹನಗಳು ಬಲಬದಿಯಲ್ಲಿ ಚಲಿಸಬೇಕು, ನಿಧಾನವಾಗಿ ಸಾಗುವವು ರಸ್ತೆಯ ಅಂಚಿಗೆ ಹತ್ತಿರವಿದ್ದು ವೇಗದ ವಾಹನಗಳಿಗೆ ಎಡಬದಿಯಲ್ಲಿ ದಾರಿ ಬಿಡಬೇಕು ಎಂಬುದು ಇದರ ಮುಖ್ಯಾಂಶ. ವೇಗ ತಗ್ಗಿಸುವಾಗ ಅಥವಾ ನಿಲ್ಲಿಸುವಾಗ ಚಾವಟಿಯನ್ನೋ ಕೈಯನ್ನೋ ಮೇಲೆತ್ತಿ ಹಿಂದಿನವರಿಗೆ ಸೂಚನೆ ಕೊಡಬೇಕಿತ್ತು. ಕುದುರೆ ಸವಾರರನ್ನೂ ವಾಹನ ಎಂಬ ಪದದ ವ್ಯಾಪ್ತಿಗೆ ಸೇರಿಸಿದ್ದು, ಕುದುರೆ ಸವಾರ, ಗಾಡಿ ಹೊಡೆಯುವವ, ಬೈಸಿಕಲ್ ತುಳಿಯುವವ, ಮೋಟಾರು ನಡೆಸುವವ ಎಲ್ಲರನ್ನೂ ಚಾಲಕರೆಂದೇ ಪರಿಗಣಿಸಿದ್ದು ಗಮನಾರ್ಹ. ಇದರಿಂದ ಸಿರಿವಂತನ ಸಾರೋಟಿಗೂ ಸಾಮಾನ್ಯನ ಬೈಸಿಕಲ್ಲಿಗೂ ಒಂದೇ ಕಟ್ಟಳೆ ಅನ್ವಯವಾಯಿತು.

ವೃತ್ತಾಕಾರದ ಸಂಚಾರ

ಹಲವು ರಸ್ತೆಗಳು ಕೂಡುವೆಡೆ ಎಲ್ಲ ವಾಹನಗಳೂ ಒಂದೇ ದಿಕ್ಕಿನಲ್ಲಿ ಸುತ್ತಿ ಹೋಗಬೇಕೆಂಬ ಈನೊ ಅವರ ಯೋಜನೆ 1905ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ವೃತ್ತದಲ್ಲಿ ಜಾರಿಗೆ ಬಂದಿತು. ಎದುರುಬದುರಾಗಿ ನುಗ್ಗುವ ವಾಹನಗಳು ಇಲ್ಲವಾಗುವುದರಿಂದ ಡಿಕ್ಕಿಯ ಸಂಭವ ಕಡಿಮೆಯಾಗುತ್ತದೆ. 1907ರಲ್ಲಿ ಪ್ಯಾರಿಸ್ಸಿನ ವಿಜಯ ಕಮಾನಿನ ಸುತ್ತಲೂ ಇಂಥದೇ ವ್ಯವಸ್ಥೆ ಬಂದಿತು. ಫ್ರೆಂಚ್ ವಾಸ್ತುಶಿಲ್ಪಿ ಯೂಜೀನ್ ಹೆನಾರ್ ಕೂಡ ಇದೇ ತತ್ತ್ವವನ್ನು ಪ್ರತಿಪಾದಿಸಿದ್ದರು. ಬಲಬದಿಯ ಸಂಚಾರವಿರುವ ದೇಶಗಳಲ್ಲಿ ವಾಹನಗಳು ವೃತ್ತವನ್ನು ಅಪ್ರದಕ್ಷಿಣವಾಗಿ ಬಳಸಿದರೆ, ಎಡಬದಿಯ ಸಂಚಾರವಿರುವ ಭಾರತದಲ್ಲಿ ಪ್ರದಕ್ಷಿಣವಾಗಿ ಬಳಸುತ್ತವೆ.

ಏಕಮುಖ ಸಂಚಾರ, ನಿಲುಗಡೆ ಫಲಕ, ಟ್ಯಾಕ್ಸಿ ನಿಲ್ದಾಣ, ಪಾದಚಾರಿಗಳ ದಾಟುದಾರಿ ಹಾಗೂ ರಸ್ತೆಯ ನಡುವಿನ ಸುರಕ್ಷಾ ದ್ವೀಪಗಳ ಕೀರ್ತಿಯನ್ನೂ ಈನೊ ಅವರಿಗೆ ಸಲ್ಲಿಸುವುದುಂಟು. ಆದರೆ ಇವೆಲ್ಲಕ್ಕೂ ಅವರೇ ಮೂಲಪುರುಷರೆನ್ನಲಾಗದು. ಏಕಮುಖ ಸಂಚಾರದ ಕಟ್ಟಳೆ ಲಂಡನ್ನಿನ ಕೆಲವು ಓಣಿಗಳಲ್ಲಿ ಹದಿನೇಳನೆಯ ಶತಮಾನದಲ್ಲೇ ಇತ್ತು. ಚದುರಿದ್ದ ಉಪಾಯಗಳನ್ನು ಒಂದು ವ್ಯವಸ್ಥೆಯಾಗಿ ಹೆಣೆದು ನಗರಾಡಳಿತಗಳನ್ನು ಒಪ್ಪಿಸಿದ್ದು ಅವರ ನಿಜವಾದ ಸಾಧನೆ.

ಕೊನೆಯ ವರ್ಷಗಳು ಮತ್ತು ಪ್ರಭಾವ

ಸಂಚಾರ ನಿಯಂತ್ರಣವನ್ನು ಕುರಿತು ಹಲವು ಪುಸ್ತಕಗಳನ್ನು ಬರೆದ ಈನೊ, 1921ರಲ್ಲಿ ಕನೆಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅದು ಇಂದು ಈನೊ ಸಾರಿಗೆ ಕೇಂದ್ರವೆಂಬ ಹೆಸರಿನಲ್ಲಿ ವಾಷಿಂಗ್ಟನ್‌ನಲ್ಲಿ ಕಾರ್ಯನಿರ್ವಹಿಸುತ್ತಿದೆ. ಕುದುರೆಗಳೆಂದರೆ ಅವರಿಗೆ ಅಚ್ಚುಮೆಚ್ಚು. ಮೋಟಾರಿನಲ್ಲಿ ಪ್ರಯಾಣಿಸುವಾಗ ಚಾಲಕರನ್ನೇ ಅವಲಂಬಿಸಿದ್ದರು. 1945ರಲ್ಲಿ, 87ನೆಯ ವಯಸ್ಸಿನಲ್ಲಿ, ನಿಧನ ಹೊಂದಿದರು.

ಚಾವಟಿಯ ಸನ್ನೆಯ ಸ್ಥಾನದಲ್ಲಿ ಇಂದು ದೀಪದ ಸೂಚನೆ ಬಂದಿದೆ. ಆದರೆ ತಿರುಗುವ ಮುನ್ನ ತಿಳಿಸುವುದು, ನಿಧಾನವಾಗಿ ಹೋಗುವವರು ಅಂಚಿನಲ್ಲಿರುವುದು, ದಾಟುವವರಿಗೆ ನಿಗದಿತ ಸ್ಥಳವಿರುವುದು ಮೊದಲಾದ ಅವರ ಕಾಲದ ತತ್ತ್ವಗಳು ಇಂದಿಗೂ ರಸ್ತೆ ಸುರಕ್ಷತೆಯ ತಳಹದಿಯಾಗಿ ಉಳಿದಿವೆ.